ಶರಣಾರ್ಥಿ ಎಂಬ ಶಬ್ದವೂ ವೀರರಾಜಪೇಟೆಯ ಇಗರ್ಜಿಯೂ

(ಮೂರ್ನಾಡಿನ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಮಠದ ಹೊಸ್ತಿಲನ್ನು ದಾಟಿ ಬಂದವರು ಒಬ್ಬರನ್ನೊಬ್ಬರು ಕಂಡೊಡನೆ ಆಡುವ ಮೊದಲ ಮಾತು "ಶರಣು ಶರಣಾರ್ಥಿ" ಎಂಬುದು. ಈ ಮಾತು ನಾಲಗೆಗೆ ಅಷ್ಟೊಂದು ರೂಢಿಯಾಗಿರುವುದರಿಂದ ಅದರ ಅರ್ಥವನ್ನು ವಿಚಾರಿಸುವವರು ವಿರಳ. ಶರಣವನ್ನು ಅರ್ಥಿಸುವವನು, ಎಂದರೆ ಆಶ್ರಯವನ್ನು ಬೇಡುವವನು, ಶರಣಾರ್ಥಿ. 1947ನೆಯ ಇಸವಿಯಲ್ಲಿ ದೇಶವು ಇಬ್ಭಾಗವಾದಾಗ ಪಂಜಾಬಿನಿಂದಲೂ ಸಿಂಧದಿಂದಲೂ ಮನೆಮಾರುಗಳನ್ನು ಬಿಟ್ಟು ಓಡಿಬಂದ ಜನಕ್ಕೆ ಹಿಂದಿಯಲ್ಲಿ ಇದೇ ಹೆಸರು ನಿಂತಿತು. ಕನ್ನಡದಲ್ಲಿ ನಿರಾಶ್ರಿತನೆಂದು ಕರೆಯಲ್ಪಡುವವನು ಅಲ್ಲಿ ಶರಣಾರ್ಥಿಯು. ಹೀಗಾಗಿ ಭಕ್ತನು ಭಕ್ತನಿಗೆ ಕೈಮುಗಿಯುವಾಗ ತನ್ನನ್ನು ತಾನೇ ನಿರ್ವಸಿತನೆಂದು ಹೇಳಿಕೊಂಡಂತಾಗುತ್ತದೆ.

ಇನ್ನು ಶರಣವೆಂದರೇನು? ಅಮರಸಿಂಹನ ಕೋಶದಲ್ಲಿ ಈ ಶಬ್ದಕ್ಕೆ ಮನೆಯೆಂದೂ ರಕ್ಷಕನೆಂದೂ ಎರಡು ಅರ್ಥಗಳು ಹೇಳಲ್ಪಟ್ಟಿವೆ. ಪಾಠಶಾಲೆಯ ಹುಡುಗನೂ ಬಲ್ಲ ಈ ಸಂಗತಿಯನ್ನು ಇಲ್ಲಿ ಎತ್ತುವುದಕ್ಕೆ ಕಾರಣವುಂಟು. ಓಡಿಬಂದವನಿಗೆ ಮನೆಯೊಂದೇ ಸಾಲದು. ಅವನ ಪಕ್ಷದಲ್ಲಿ ನಿಂತು ಅಧಿಕಾರಸ್ಥರೊಡನೆ ಮಾತನಾಡುವ ರಕ್ಷಕನೊಬ್ಬನೂ ಬೇಕು. ಅನ್ನವಿಕ್ಕುವವರು ಲೋಕದಲ್ಲಿ ಎಷ್ಟೋ ಮಂದಿ ದೊರೆಯುತ್ತಾರೆ. ಪರದೇಶಿಯ ಪರವಾಗಿ ವಕಾಲತ್ತು ವಹಿಸುವವರು ದೊರೆಯುವುದು ದುರ್ಲಭ. ಈ ಎರಡನೆಯ ಕಾರ್ಯವನ್ನು ಇತ್ತೀಚಿನ ಕಾಲದಲ್ಲಿ ಪಟ್ಟುಹಿಡಿದು ಮಾಡಿಕೊಂಡು ಬಂದಿರುವವರಲ್ಲಿ ರೋಮನ್ ಕಥೋಲಿಕ ಸಭೆಯವರು ಮುಖ್ಯರು. ಅನ್ಯಮತದವರ ಪ್ರಸ್ತಾಪವು ಮಠದ ಉತ್ಸವದಲ್ಲಿ ಏಕೆಂದು ಯಾರೂ ಶಂಕಿಸಬೇಕಾಗಿಲ್ಲ. ಅವರ ಕಥೆಯೊಳಗೆ ವೀರಶೈವ ಅರಸರ ಕಥೆಯೂ ಹೆಣೆದುಕೊಂಡಿದೆ, ಅದೂ ದೂರದಲ್ಲಿಲ್ಲ.

ಮೂರ್ನಾಡಿನಿಂದ ದಕ್ಷಿಣಕ್ಕೆ ಹೊರಟು, ಬೇತ್ರಿಯಲ್ಲಿ ಕಾವೇರಿಯನ್ನು ದಾಟಿ ಮುಂದೆ ಹೋದರೆ ವೀರರಾಜಪೇಟೆ. ಅಲ್ಲಿಯ ಸಂತ ಅನ್ನಮ್ಮನವರ ಇಗರ್ಜಿಯ ಗೋಪುರವನ್ನು ಕಾಣದವರು ಈ ಸಭೆಯಲ್ಲಿ ಇರಲಾರರು. ಕೊಡಗಿನಲ್ಲಿ ಕಥೋಲಿಕರ ನೆಲೆಯು ಆ ಪೇಟೆಯೊಡನೆಯೇ ಹುಟ್ಟಿತು. ಪೇಟೆಯು ಕಟ್ಟಲ್ಪಟ್ಟದ್ದು 1792ರಲ್ಲಿ. ಅನ್ನಮ್ಮನವರ ಸಭೆಯೂ ಅದೇ ವರ್ಷದ್ದು. ಕಟ್ಟಿಸಿದವನು ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ಒಡೆಯನು. ಕಂಠದಲ್ಲಿ ಲಿಂಗವನ್ನು ಧರಿಸಿದ ದೊರೆಯ ಪೇಟೆಯಲ್ಲಿ ಕೊಂಕಣಿಯಾಡುವ ಕ್ರೈಸ್ತರು ನೆಲೆಯೂರಿದ್ದು ಹೇಗೆ?

ಇವರ ಪೂರ್ವಿಕರು ಗೋವೆಯವರು. ಪೋರ್ತುಗೀಸರ ಆಳ್ವಿಕೆಯಲ್ಲಿ 1560ರಿಂದ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಸ್ಥಾನವು ನಡೆಯಿತು. ಆ ಕ್ರೌರ್ಯಕ್ಕೆ ಅಂಜಿ ಹಿಂದೂಗಳು ಓಡಿದ್ದು ಸರಿಯಷ್ಟೆ. ಹೊಸದಾಗಿ ಕ್ರೈಸ್ತರಾದವರೂ ತಮ್ಮ ಹಳೆಯ ಆಚಾರಗಳನ್ನು ಬಿಡಲಾರದೆ ಅದೇ ಭಯಕ್ಕೆ ಓಡಿದರು. ಬರಗಾಲವೂ ಯುದ್ಧಗಳೂ ಇನ್ನಷ್ಟು ಜನರನ್ನು ದಕ್ಷಿಣಕ್ಕೆ ಅಟ್ಟಿದವು. ಪರದೇಶಿಗಳ ಪರವಾಗಿ ಇಂದು ಮಾತನಾಡುವ ಸಭೆಯೇ ಅಂದು ಜನರನ್ನು ಪರದೇಶಿಗಳನ್ನಾಗಿ ಮಾಡಿದ್ದುಂಟು ಎಂಬುದನ್ನು ಮರೆಮಾಚಬಾರದು. ಹೀಗೆ ಬಂದವರಿಗೆ ಕೆನರಾ ಸೀಮೆಯಲ್ಲಿ ನೆಲವಿತ್ತವರು ಕೆಳದಿಯ ನಾಯಕರು; ಅವರೂ ಲಿಂಗವಂತರೇ. ಬೇಸಾಯದಲ್ಲಿ ನಿಪುಣರಾದ ಒಕ್ಕಲುಗಳು ಬಂದರೆ ಕಂದಾಯ ಹೆಚ್ಚುವುದೆಂಬ ಎಣಿಕೆಯೂ ಅವರಿಗೆ ಇದ್ದಿರಬೇಕು. ಆದರೆ ಅದೇ ವಂಶದ ರಾಣಿ ಚೆನ್ನಮ್ಮಾಜಿಯು 1689ರಲ್ಲಿ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತಾಗ ಯಾವ ಕಂದಾಯವೂ ಬರುವಂತಿರಲಿಲ್ಲ; ಬಂದದ್ದು ಔರಂಗಜೇಬನ ಸೈನ್ಯ ಮಾತ್ರ. ಶರಣುಬಂದವನನ್ನು ಆಕೆ ಒಪ್ಪಿಸಿಕೊಡಲಿಲ್ಲ.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1784ರಲ್ಲಿ, ಇಂಗ್ಲಿಷರೊಡನೆ ನಡೆದ ಯುದ್ಧವು ಮುಗಿಯುತ್ತಿದ್ದ ಸಮಯದಲ್ಲಿ, ಈ ಕ್ರೈಸ್ತರು ಶತ್ರುಗಳಿಗೆ ಸಹಾಯಮಾಡಿದರೆಂಬ ಆರೋಪದ ಮೇಲೆ ಟಿಪ್ಪುಸುಲ್ತಾನನು ಅವರನ್ನು ಕುಟುಂಬಸಮೇತ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರು 60,000 ಎನ್ನುವವರೂ ಅದರ ಅರ್ಧವೆನ್ನುವವರೂ ಉಂಟು. ಅರಸನನ್ನು ಪ್ರೇರಿಸಿದ್ದು ಮತದ್ವೇಷವೋ ರಾಜಕಾರಣವೋ ಎಂಬ ವಾದ ಇನ್ನೂ ಮುಗಿದಿಲ್ಲ. ನಡೆದು ಬಳಲಿದ ಕಾಲುಗಳಿಗೆ ಎರಡೂ ಒಂದೇ. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ. ಇದಾದ ಮರುವರ್ಷ ಕೊಡವರಿಗೂ ಅದೇ ಗತಿಯಾಯಿತು. ಅವರೂ ಸಾವಿರಗಟ್ಟಲೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು.

ಆಗ ದೊಡ್ಡವೀರರಾಜೇಂದ್ರನು ಎಲ್ಲಿದ್ದನು? ಅವನೂ ಸೆರೆಯಲ್ಲಿದ್ದನು. ಮೊದಲು ಗೊರೂರಿನಲ್ಲಿ, ಆಮೇಲೆ ಪಿರಿಯಾಪಟ್ಟಣದ ಕೋಟೆಯಲ್ಲಿ, ಒಟ್ಟು ಆರು ವರ್ಷಗಳ ಬಂಧನ. 1788ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕಾಡುಸೇರಿ, ಅಳಿದುಳಿದ ಕೊಡವರನ್ನು ಕೂಡಿಸಿ, ಟಿಪ್ಪುವಿನ ಠಾಣೆಗಳನ್ನು ಕಿತ್ತು ನಾಡನ್ನು ಮರಳಿ ಪಡೆದನು. 1790ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಕೌಲುಮಾಡಿಕೊಂಡನು. ಶ್ರೀರಂಗಪಟ್ಟಣದ ಕಡೆಯಿಂದ ನುಸುಳಿಕೊಂಡು ಬಂದ ಕೊಂಕಣಿ ಕ್ರೈಸ್ತರು ಇಂಥ ದೊರೆಯ ಮುಂದೆ ನಿಂತರು. ಅವನು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ತನ್ನ ಹೊಸ ಪೇಟೆಯಲ್ಲಿ ನೆಲೆಕೊಟ್ಟನು, ಅವರ ದೇವರಿಗೆ ಸ್ಥಳಕೊಟ್ಟನು, ಅವರ ಪೂಜೆಗೆ ಅಡ್ಡಿಬಾರದಂತೆ ನೋಡಿಕೊಂಡನು.

ಈ ದೊರೆಯನ್ನು ದಯಾಸಮುದ್ರನೆಂದು ಹೊಗಳುವುದು ಸುಲಭ; ಅದು ಸತ್ಯಕ್ಕೆ ಸಲ್ಲುವ ಮಾತಲ್ಲ. ಅವನ ಕೊನೆಗಾಲದ ಕ್ರೌರ್ಯವು ಇತಿಹಾಸದಲ್ಲಿ ದಾಖಲಾಗಿದೆ. ಅದೂ ಅಲ್ಲದೆ, ಯುದ್ಧಗಳಿಂದಲೂ ಸೆರೆಯಿಂದಲೂ ಕೊಡಗು ಬರಿದಾಗಿತ್ತು. ನಾಡಿಗೆ ಜನ ಬೇಕಾಗಿತ್ತು, ಪೇಟೆಗೆ ವ್ಯಾಪಾರಿಗಳೂ ಕಸುಬಿನವರೂ ಬೇಕಾಗಿದ್ದರು. ಅಗತ್ಯವೂ ಕರುಣೆಯೂ ಇಲ್ಲಿ ಹಾಲುನೀರಿನಂತೆ ಬೆರೆತಿವೆ. ಬೇರ್ಪಡಿಸುವುದಕ್ಕೆ ಹಂಸವೇ ಬರಬೇಕು. ಆದರೂ ಜನ ಬೇಕೆಂದು ಬಂದವರನ್ನು ದುಡಿಸಿಕೊಂಡು ಸುಮ್ಮನಾಗುವ ದೊರೆಗಳೂ ಉಂಟು. ಇವನು ಇಗರ್ಜಿಗೂ ನೆಲವಿತ್ತನು. ಹಾಲೇರಿಯ ಮೂಲಪುರುಷನೇ ಇಕ್ಕೇರಿಯ ಕಡೆಯಿಂದ ಜಂಗಮವೇಷದಲ್ಲಿ ಬಂದು ಈ ನಾಡಿನಲ್ಲಿ ನೆಲೆಗೊಂಡನೆಂಬುದು ಪ್ರತೀತಿ. ಮಠದ ಭಕ್ತರಿಗೆ ಇದಕ್ಕಿಂತಲೂ ಹಿಂದಿನ ನೆನಪೊಂದುಂಟು: ಕಲ್ಯಾಣದ ವಿಪ್ಲವದಲ್ಲಿ ಶರಣರು ಚದುರಿ, ಚೆನ್ನಬಸವಣ್ಣನವರ ಬಳಗವು ಕಾಡುಬೆಟ್ಟಗಳನ್ನು ಹಾಯ್ದು ಉಳವಿಯನ್ನು ಸೇರಿದ್ದು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಬದುಕಿದ್ದ ಸೆರೆಯಾಳುಗಳು ಹೊರಬಂದರು. ಹದಿನೈದು ವರ್ಷಗಳ ಮೇಲೆ ಹೊರಬಂದವರಿಗೆ ಹೋಗಲು ಊರೆಲ್ಲಿ? ಕೆನರಾದ ಹೊಲಗದ್ದೆಗಳು ಅನ್ಯರ ಕೈಸೇರಿದ್ದವು, ಇಗರ್ಜಿಗಳು ನೆಲಸಮವಾಗಿದ್ದವು. ಕೆಲವರು ಕರಾವಳಿಗೆ ಹಿಂದಿರುಗಿದರು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಉಳಿದವರನ್ನು ಕೂಡಿಸಿ ನಿಲ್ಲಿಸಲು ಬಂದವರು ಫ್ರಾನ್ಸ್ ದೇಶದ ಅಬ್ಬೆ ದುಬಾಯ್ ಎಂಬ ಪಾದ್ರಿಗಳು. ಇವರು ತಮ್ಮ ದೇಶದ ಮಹಾಕ್ರಾಂತಿಯ ಕಾಲದಲ್ಲಿ, ವೀರರಾಜಪೇಟೆ ಹುಟ್ಟಿದ ಆ 1792ರಲ್ಲಿಯೇ, ಇಲ್ಲಿಗೆ ಬಂದವರು. ಈ ದೇಶದ ಉಡುಪನ್ನುಟ್ಟು, ಮಾಂಸವನ್ನು ವರ್ಜಿಸಿ, ಜನರ ನಡುವೆಯೇ ಬಾಳಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಇಗರ್ಜಿಯನ್ನು ಕಟ್ಟಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಒಕ್ಕಲುತನದ ನೆಲೆಯನ್ನು ಮಾಡಿದರು. ಸಿಡುಬಿಗೆ ದೇವಿಹಾಕಿಸುವ ಕಾರ್ಯವನ್ನು ಹಳ್ಳಿಹಳ್ಳಿಗೆ ಕೊಂಡೊಯ್ದರು. ನೇಗಿಲು, ನೆಲ, ಔಷಧ, ಅಧಿಕಾರಿಗಳೊಡನೆ ಮಾತು, ಇವನ್ನೆಲ್ಲ ಒಬ್ಬನೇ ಪಾದ್ರಿ ಹೊತ್ತದ್ದನ್ನು ನೋಡಿದರೆ ಕೋಶಕಾರನ ಎರಡು ಅರ್ಥಗಳೂ ಒಂದೆಡೆ ಕೂಡಿದಂತೆ ತೋರುತ್ತದೆ.

ಪಾದ್ರಿಗಳ ಉಪಕಾರವೆಂದರೆ ಮತಾಂತರದ ಗಾಳವೆಂದು ಇಲ್ಲಿ ಯಾರಾದರೂ ಹೇಳಬಹುದು. ಆ ಶಂಕೆ ಎಲ್ಲ ಕಡೆಯೂ ನಿರಾಧಾರವಲ್ಲ. ಆದರೆ ಇದೇ ದುಬಾಯ್ ಅವರು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯವೆಂದು ಬಹಿರಂಗವಾಗಿ ವಾದಿಸಿ ತಮ್ಮವರಿಂದಲೇ ಬೈಸಿಕೊಂಡರು. ಇನ್ನೊಂದು ನಿದರ್ಶನವು ತೀರ ಇತ್ತೀಚಿನದು. 2016ರ ಏಪ್ರಿಲಿನಲ್ಲಿ ರೋಮಿನ ಪೋಪ್ ಫ್ರಾನ್ಸಿಸರು ಗ್ರೀಸ್ ದೇಶದ ಲೆಸ್ಬೋಸ್ ದ್ವೀಪದಲ್ಲಿ ಸಿರಿಯಾದ ನಿರಾಶ್ರಿತರನ್ನು ಕಂಡು, ಮೂರು ಕುಟುಂಬಗಳ ಹನ್ನೆರಡು ಮಂದಿಯನ್ನು ತಮ್ಮ ವಿಮಾನದಲ್ಲಿಯೇ ಕರೆತಂದರು. ಹನ್ನೆರಡು ಮಂದಿಯೂ ಮುಸಲ್ಮಾನರು. ಲಕ್ಷಾಂತರ ಜನ ಸಮುದ್ರ ದಾಟುತ್ತಿರುವಾಗ ಹನ್ನೆರಡು ಜನ ಯಾವ ಲೆಕ್ಕವೆಂದು ಕೇಳಿದವರಿದ್ದರು. ದಾಸೋಹದ ಮೊದಲ ತುತ್ತನ್ನೂ ಹಾಗೆಯೇ ಕೇಳಬಹುದು.

ಆ ಸಭೆಯಲ್ಲಿ ಈ ಕಾರ್ಯಕ್ಕೆ ಶಾಸ್ತ್ರವೂ ಏರ್ಪಟ್ಟಿದೆ. 1952ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಹೊರಡಿಸಿದ ಶಾಸನವು, ಹೆರೋದರಸನಿಗೆ ಅಂಜಿ ಶಿಶು ಯೇಸುವನ್ನೆತ್ತಿಕೊಂಡು ಐಗುಪ್ತದೇಶಕ್ಕೆ ಓಡಿದ ತಾಯಿತಂದೆಗಳ ಕಥೆಯನ್ನೇ ಎಲ್ಲ ನಿರಾಶ್ರಿತ ಕುಟುಂಬಗಳಿಗೂ ಮೂಲವನ್ನಾಗಿ ಹಿಡಿಯುತ್ತದೆ. ವಿಯೆಟ್ನಾಮಿನಿಂದ ದೋಣಿಗಳಲ್ಲಿ ಓಡಿಬಂದವರ ದುರ್ದಶೆಯನ್ನು ಕಂಡು, 1980ರಲ್ಲಿ ಯೇಸುಸಭೆಯ ಮಹಾಧಿಪತಿಗಳಾಗಿದ್ದ ಪೆದ್ರೊ ಅರೂಪೆಯವರು ನಿರಾಶ್ರಿತರಿಗಾಗಿಯೇ ಒಂದು ಸೇವಾಸಂಸ್ಥೆಯನ್ನು ನಿಲ್ಲಿಸಿದರು. ಅವರು ವೈದ್ಯವಿದ್ಯೆಯನ್ನು ಕಲಿತವರು. 1945ರಲ್ಲಿ ಹಿರೋಷಿಮದ ಹೊರವಲಯದಲ್ಲಿದ್ದು ಅಣುಬಾಂಬಿನಿಂದ ಬೆಂದವರನ್ನು ಉಪಚರಿಸಿದವರು. ಜೊತೆಗಿರುವುದು, ಸೇವೆಮಾಡುವುದು, ಅವರ ಪರವಾಗಿ ವಾದಿಸುವುದು, ಈ ಮೂರನ್ನು ಆ ಸಂಸ್ಥೆಯು ತನ್ನ ಕರ್ತವ್ಯವೆಂದು ಹೇಳಿಕೊಳ್ಳುತ್ತದೆ. ಮೂರನೆಯದನ್ನು ಮೊದಲಿನೆರಡರ ಸಮಕ್ಕೆ ಇಟ್ಟದ್ದು ವಿಶೇಷ. 1983ರ ಗಲಭೆಯ ತರುವಾಯ ಸಿಂಹಳದಿಂದ ತಮಿಳುನಾಡಿಗೆ ಓಡಿಬಂದವರ ಶಿಬಿರಗಳಲ್ಲಿಯೂ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಇದೇ ಸಂಸ್ಥೆಯವರು ದುಡಿದರು.

ರಕ್ಷಕನು ಈ ದೇಶದಲ್ಲಿ ಇನ್ನೂ ಹೆಚ್ಚಾಗಿ ಬೇಕು. ಏಕೆಂದರೆ ನಿರಾಶ್ರಿತರ ಹಕ್ಕನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿಹಾಕಿಲ್ಲ. ಶರಣುಬಂದವನಿಗೆಂದು ಪ್ರತ್ಯೇಕವಾದ ಕಾನೂನೂ ಇಲ್ಲ. ಅರುಣಾಚಲದ ಚಕ್ಮರ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂವಿಧಾನದ 21ನೆಯ ಅನುಚ್ಛೇದದ ಜೀವರಕ್ಷಣೆಯು ಪ್ರಜೆಯಲ್ಲದವನಿಗೂ ಸಲ್ಲುವುದೆಂದು ಹೇಳಿತು. ಅಷ್ಟನ್ನು ಹೇಳಿಸುವುದಕ್ಕೂ ಅವರ ಪರವಾಗಿ ಒಬ್ಬರು ನ್ಯಾಯಾಲಯದ ಮೆಟ್ಟಲು ಹತ್ತಬೇಕಾಯಿತು.

ದೊಡ್ಡವೀರರಾಜೇಂದ್ರನು ಸೆರೆಯಿದ್ದ ಪಿರಿಯಾಪಟ್ಟಣದ ತಾಲ್ಲೂಕಿನಲ್ಲಿಯೇ ಬೈಲಕುಪ್ಪೆಯಿದೆ. 1960–61ರಲ್ಲಿ ಅಂದಿನ ಮೈಸೂರು ಸರ್ಕಾರವು ಅಲ್ಲಿ ಟಿಬೇಟಿಯನ್ನರಿಗೆ ಕಾಡುನೆಲವನ್ನು ಕೊಟ್ಟಿತು. ಕಡಿದು ಉತ್ತು ಜೋಳ ಬೆಳೆದ ಆ ಜನ ಇಂದು ಚಿನ್ನದ ಬುದ್ಧನ ಗುಡಿಯನ್ನು ಕಟ್ಟಿದ್ದಾರೆ. ಕುಶಾಲನಗರಕ್ಕೆ ಹೋದ ಭಕ್ತರು ಅದನ್ನು ನೋಡದೆ ಹಿಂದಿರುಗುವುದಿಲ್ಲ.

ಆದರೆ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಈ ಸಭೆಯಲ್ಲಿ ಕುಳಿತ ಸದ್ಭಕ್ತರಲ್ಲಿ ಅನೇಕರು ಕಾಫಿತೋಟದ ಒಡೆಯರು. ತೋಟದ ಲೈನ್ ಮನೆಗಳಲ್ಲಿ ಹಿಂದೆ ತಮಿಳರೂ ಮಲೆಯಾಳಿಗಳೂ ಬಯಲುಸೀಮೆಯವರೂ ಇದ್ದರು; ಈಗ ಅಸ್ಸಾಮು, ಬಂಗಾಳ, ಝಾರ್ಖಂಡಗಳಿಂದ ಬಂದವರೂ ಇದ್ದಾರೆ. ಅಲ್ಲಿಂದ ಬಂದ ಈ ದೇಶದ ಪ್ರಜೆಗೆ ಎಲ್ಲಿಯಾದರೂ ದುಡಿದು ಬಾಳುವ ಹಕ್ಕು ಸಂವಿಧಾನದತ್ತವಾದುದು; ಅವನು ನಿರಾಶ್ರಿತನೂ ಅಲ್ಲ, ಪರದೇಶಿಯೂ ಅಲ್ಲ. ಆದರೂ ಬಂಗಾಳಿಯ ನುಡಿ ಬಾಯಿಂದ ಬಿದ್ದೊಡನೆ ಅವನು ಯಾವ ದೇಶದವನೆಂಬ ಪ್ರಶ್ನೆ ಹುಟ್ಟುತ್ತದೆ. ಕಾಗದಪತ್ರಗಳ ತಪಾಸಣೆ ನಡೆಯುವುದು ತಪ್ಪಲ್ಲ. ಸರ್ಕಾರದ ಕೆಲಸವನ್ನು ಸರ್ಕಾರ ಮಾಡಬೇಕು. ಆ ದಿನ ಠಾಣೆಯ ಜಗಲಿಯಲ್ಲಿ ಕುಳಿತವನ ಪಕ್ಕದಲ್ಲಿ ತೋಟದವರು ಯಾರಾದರೂ ನಿಂತಿರುವರೆ, ಅಥವಾ ಮೇಸ್ತ್ರಿಯ ಮೇಲೆ ಹೊರಿಸಿ ಮನೆಯಲ್ಲಿ ಕುಳಿತಿರುವರೆ ಎಂಬುದಷ್ಟೆ ಇಲ್ಲಿಯ ಪ್ರಶ್ನೆ. ಮನೆ ಕೊಟ್ಟದ್ದಾಗಿದೆ, ಅಕ್ಕಿ ಕೊಟ್ಟದ್ದಾಗಿದೆ ಎನ್ನುವವರುಂಟು. ಅದು ಕೋಶದ ಒಂದು ಅರ್ಥ ಮಾತ್ರ. ಕೆಲವೆಡೆ ಹಾಜರಿ ಪುಸ್ತಕದಲ್ಲಿ ಅವರಿಗೆ ಹೆಸರೂ ಇಲ್ಲ. "ಅಸ್ಸಾಮಿನವರು, ಎಂಟು ಆಳು" ಎಂದು ಬರೆದು ಮುಗಿಸಿರುತ್ತಾರೆ. ಹೆಸರಿಲ್ಲದವನ ಪರವಾಗಿ ಠಾಣೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಮಾತನಾಡುವುದು ಹೇಗೆ?

ನಾಳೆಯ ದಾಸೋಹಕ್ಕೆ ಸುತ್ತಲಿನ ತೋಟಗಳ ಆಳುಗಳೆಲ್ಲರಿಗೂ ಕರೆಹೋಗಿದೆ. ಹಿಂದಿಯನ್ನು ಬಲ್ಲ ಇಬ್ಬರು ತರುಣರು ಪಂಕ್ತಿಯ ಬಳಿ ಒಂದು ಪುಸ್ತಕವನ್ನಿಟ್ಟುಕೊಂಡು ಕುಳಿತಿರುವರು. ಬಂದವರ ಹೆಸರು, ಊರು, ಈಗಿರುವ ತೋಟ, ಮನೆಯವರಿಗೆ ಸುದ್ದಿ ಮುಟ್ಟಿಸಬೇಕಾದ ವಿಳಾಸ, ಇವನ್ನು ಅವರವರ ಇಷ್ಟವನ್ನು ಕೇಳಿ ಬರೆದುಕೊಳ್ಳುವರು. ಆ ಪುಸ್ತಕವು ಮಠದಲ್ಲಿರುವುದು. ತೋಟದ ಒಡೆಯರು ತಮ್ಮ ಆಳುಗಳನ್ನು ಮಧ್ಯಾಹ್ನದ ಮೊದಲ ಪಂಕ್ತಿಗೇ ಕಳುಹಿಸಿಕೊಡಬೇಕೆಂದು ವಿಜ್ಞಾಪನೆ. ಶರಣು ಶರಣಾರ್ಥಿ.