ಮನೆಯ ರೂಟರ್ ಹೇಳದೆ ಉಳಿಸುವ ಮಾತು

ಮನೆಯಲ್ಲಿ ನೆಟ್ ಬರುತ್ತಿಲ್ಲ ಎಂಬ ದೂರಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳಿರಬಹುದು. ಬೀದಿಯಿಂದ ಬರುವ ಫೈಬರ್, ಅಂದರೆ ಬೆಳಕಿನ ರೂಪದಲ್ಲಿ ಮಾಹಿತಿಯನ್ನು ಸಾಗಿಸುವ ಗಾಜಿನ ಎಳೆ, ಎಲ್ಲೋ ತುಂಡಾಗಿರಬಹುದು. ಆ ಸಂಪರ್ಕವನ್ನು ಮನೆಯ ಸಾಧನಗಳಿಗೆ ಹಂಚುವ ರೂಟರ್ ಸ್ತಬ್ಧವಾಗಿರಬಹುದು. ಇಲ್ಲವೇ ರೂಟರಿನಿಂದ ಮೊಬೈಲಿನವರೆಗೆ ರೇಡಿಯೊ ಅಲೆಗಳ ಮೂಲಕ ನಡೆಯುವ ವೈಫೈ ಸಂವಹನವು ಗೋಡೆಗಳ ನಡುವೆ ಕ್ಷೀಣಿಸಿರಬಹುದು. ಇವುಗಳಲ್ಲಿ ಕೆಟ್ಟಿರುವುದು ಯಾವುದು ಎಂಬುದನ್ನು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವ ಹೊಣೆಯನ್ನು ತಯಾರಕರು ಹೊತ್ತಿಲ್ಲ. ಆದರೂ ತಂತ್ರಜ್ಞಾನ ತಮಗೆ ಒಗ್ಗುವುದಿಲ್ಲವೆಂದು ಹಿರಿಯರು ತಮ್ಮನ್ನೇ ಹಳಿದುಕೊಳ್ಳುವುದು ನೋವಿನ ಸಂಗತಿ.

ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು, ಅಂದರೆ ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುವ ಅಲೆಗಳ ವಲಯವನ್ನು, ಭಾರತ ಸರ್ಕಾರ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಈ ಮುಕ್ತತೆಯಿಂದಲೇ ವೈಫೈ ಮನೆಮನೆಗೆ ತಲುಪಿತಾದರೂ ಬ್ಲೂಟೂತ್ ಸಾಧನಗಳೂ ಅದೇ ಪಟ್ಟಿಯಲ್ಲಿ ಮಾತನಾಡುತ್ತವೆ, ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಗಳೂ ಅಲ್ಲಿಯೇ ಬೀಳುತ್ತವೆ. ಆ ಪಟ್ಟಿಯೊಳಗೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ವಾಡಿಕೆಯಲ್ಲಿ 1, 6 ಮತ್ತು 11 ಎಂಬ ಮೂರೇ ಆಗಿರುವುದರಿಂದ, ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ ಹತ್ತಾರು ಮನೆಗಳ ರೂಟರ್‌ಗಳು ಅವುಗಳಿಗಾಗಿಯೇ ಪೈಪೋಟಿ ನಡೆಸಬೇಕಾಗುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಹೆಚ್ಚು, ವೇಗವೂ ಹೆಚ್ಚು. ಆದರೆ ಕರಾವಳಿಯ ಕೆಂಪುಕಲ್ಲಿನ ಗೋಡೆಯಾಗಲಿ ನಗರದ ಆರ್‌ಸಿಸಿ ತಾರಸಿಯಾಗಲಿ ಎದುರಾದಾಗ ಅದರ ಅಲೆಗಳು ಇನ್ನೂ ಬೇಗ ಸೋಲುತ್ತವೆ. ತಂತಿ ಒಳಬರುವ ಮೂಲೆಯಲ್ಲೇ, ಟಿವಿಯ ಹಿಂದೆ, ರೂಟರನ್ನು ಕೂರಿಸಿ ಹೋಗುವ ರೂಢಿಯನ್ನು ಬಿಟ್ಟು ಅದನ್ನು ಮನೆಯ ನಡುಭಾಗದಲ್ಲಿ ತುಸು ಎತ್ತರಕ್ಕೆ ಇರಿಸಿದರೆ ಆಗುವ ಪ್ರಯೋಜನವು ಅನೇಕ ಸಲ ದುಬಾರಿ ಪ್ಲಾನಿನಿಂದಲೂ ಆಗುವುದಿಲ್ಲ.

ಸಹಾಯವಾಣಿಯವರು ಮೊದಲು ಹೇಳುವುದು ಆಫ್ ಮಾಡಿ ಆನ್ ಮಾಡಿ ಎಂದು. ಈ ಸಲಹೆಗೆ ಆಧಾರವಿದೆ. ರೂಟರ್ ಒಂದು ಪುಟ್ಟ ಕಂಪ್ಯೂಟರ್. ಯಾವ ಸಾಧನ ಹೊರಗಿನ ಯಾವ ವಿಳಾಸದೊಡನೆ ಮಾತನಾಡುತ್ತಿದೆ ಎಂಬ ಪಟ್ಟಿಯನ್ನು ಅದು ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ, ಆ ಸ್ಮೃತಿ ತುಂಬಿದಾಗ ಅಥವಾ ತಂತ್ರಾಂಶ ಎಡವಿದಾಗ ವಿದ್ಯುತ್ ಕಡಿತವು ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸುತ್ತದೆ. ಆದರೆ ದೋಷದ ಕುರುಹೂ ಅದರೊಂದಿಗೆ ಅಳಿಸಿಹೋಗುವುದರಿಂದ ತೊಂದರೆ ಮರುಕಳಿಸುತ್ತದೆ. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತವೇ ತಲುಪುತ್ತಿಲ್ಲವೆಂದು ಅರ್ಥ. ಆಗ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಫಲವಿಲ್ಲ, ತಂತಿಯನ್ನೇ ನೋಡಬೇಕು. ಇಷ್ಟು ಮುಖ್ಯವಾದ ಸಂಗತಿಯನ್ನು ಮೂರು ಅಕ್ಷರಗಳಲ್ಲಿ ಅಡಗಿಸಿಟ್ಟಿರುವುದು ಸರಿಯಲ್ಲ.

ಕಣ್ಣಿಗೆ ಕಾಣದ ದೋಷ ಇನ್ನೂ ಗಂಭೀರವಾದುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಬದಲಾಗದೆ ಉಳಿದಿದ್ದ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವುಗಳ ಮೂಲಕ ಜಾಲತಾಣಗಳ ಹೆಸರನ್ನು ಅವುಗಳ ವಿಳಾಸಕ್ಕೆ ಜೋಡಿಸಿಕೊಡುವ ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವು ಗಂಟೆಗಳ ಕಾಲ ಅನೇಕರಿಗೆ ಸಿಗದಾದವು. ಬ್ರಿಟನ್ ಇಂಥ ಸುಲಭ ಪಾಸ್‌ವರ್ಡ್‌ಗಳನ್ನು 2024ರ ಏಪ್ರಿಲಿನಿಂದ ಕಾನೂನಿನ ಮೂಲಕ ನಿಷೇಧಿಸಿದ್ದಲ್ಲದೆ, ಸುರಕ್ಷತೆಯ ಪರಿಷ್ಕರಣೆಗಳನ್ನು ಎಲ್ಲಿಯವರೆಗೆ ಒದಗಿಸಲಾಗುವುದೆಂದು ತಯಾರಕರು ಮೊದಲೇ ಪ್ರಕಟಿಸುವುದನ್ನೂ ಕಡ್ಡಾಯಗೊಳಿಸಿತು. ಹಣ ಕೊಡುವ ಗ್ರಾಹಕರಿಗೆ ಈ ಮಾಹಿತಿ ಎಲ್ಲೆಡೆ ಸಲ್ಲಬೇಕಾದುದೇ. ಆದುದರಿಂದ ಹೊಸ ರೂಟರ್ ಕೊಳ್ಳುವವರು ಬೆಲೆ ಮತ್ತು ವೇಗವನ್ನು ವಿಚಾರಿಸುವಾಗಲೇ ಅದರ ಪರಿಷ್ಕರಣೆಗಳು ಎಷ್ಟು ವರ್ಷ ಬರುತ್ತವೆಂದು ಕೇಳಲಿ, ಮನೆಗೆ ತಂದ ದಿನವೇ ಅದರ ಮೂಲ ಪಾಸ್‌ವರ್ಡನ್ನು ಬದಲಾಯಿಸಲಿ.