ಓದಲು ತೊಡಕುಳ್ಳ ಮಕ್ಕಳೂ ನಮ್ಮ ದಾನಧರ್ಮವೂ



ಹಳೆಯ ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿಸುವುದು ಮಹಾಪುಣ್ಯವೆನಿಸಿತ್ತು. ಆದರೆ ಏರಿ ನಿಂತಿತೆಂದಮಾತ್ರಕ್ಕೆ ಧರ್ಮ ಮುಗಿಯಿತೆಂದು ನಮ್ಮ ಹಿರಿಯರು ಭಾವಿಸಲಿಲ್ಲ. ಕೆರೆಯನ್ನು ಕಟ್ಟಿದವರಿಗೂ ಅದನ್ನು ಕಾಪಾಡುವವರಿಗೂ ಜೀವನಾಧಾರವಾಗಿ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಶಾಸನಗಳು ಇದನ್ನು ಕಟ್ಟುಗೊಡಗೆ ಎನ್ನುತ್ತವೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಇಂದು ಬೇರೊಂದು ಬಗೆಯ ದಾನವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಅಪೇಕ್ಷಿಸುತ್ತೇವೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪಾಠಶಾಲೆಗಳಲ್ಲಿ, ಲೋಕದ ಬೇರೆಲ್ಲ ಕಡೆಗಳಂತೆಯೇ, ಒಂದು ಬಗೆಯ ಮಕ್ಕಳಿದ್ದಾರೆ. ಕಣ್ಣು ಕಿವಿಗಳಲ್ಲಿ ದೋಷವಿಲ್ಲ, ಮಾತು ಚುರುಕು, ಸಂತೆಯಲ್ಲಿ ಸಾಮಾನು ತಂದು ಚಿಲ್ಲರೆಯನ್ನು ಮರೆಯದೆ ತರಬಲ್ಲರು. ಆದರೆ ಪುಸ್ತಕ ಬಿಚ್ಚಿದೊಡನೆ ವಕಾರ, ಪಕಾರ, ಷಕಾರಗಳು ಒಂದರೊಡನೊಂದು ಬೆರೆತುಹೋಗುತ್ತವೆ; ಒತ್ತಕ್ಷರ ಬಂದಲ್ಲಿ ಓದು ನಿಂತೇಬಿಡುತ್ತದೆ. ಶಾಲೆಯಲ್ಲಿ ಇದಕ್ಕೆ ಸೋಮಾರಿತನವೆಂದೂ ಮನೆಯಲ್ಲಿ ಹಣೆಯ ಬರಹವೆಂದೂ ಹೆಸರು. ಅದು ಎರಡೂ ಅಲ್ಲ. 1896ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ನರು ಬುದ್ಧಿಶಾಲಿಯಾಗಿದ್ದೂ ಓದಲಾರದ 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದ್ದರು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಆದರೆ 2018ರಲ್ಲಿ ಹೊರಟ ಸೂಚನೆಗಳು ಎಂಟು ವರ್ಷ ತುಂಬದ ಮಗುವಿಗೆ ಈ ಬಗ್ಗೆ ಪ್ರಮಾಣಪತ್ರವಿಲ್ಲವೆಂದು ವಿಧಿಸಿದವು. ಇದಕ್ಕೆ ನ್ಯಾಯವಾದ ಕಾರಣವಿದೆ: ತಡವಾಗಿ ಕಲಿಯುವ ಮಗು ಯಾವುದು, ಕಲಿಯಲು ನಿಜವಾದ ತೊಡಕುಳ್ಳ ಮಗು ಯಾವುದು ಎಂದು ಎಳೆಯ ವಯಸ್ಸಿನಲ್ಲಿ ನಿರ್ಧರಿಸುವುದು ಕಷ್ಟ. ಕಷ್ಟವೆಂದು ಕಾದರೆ ಆಗುವ ನಷ್ಟವೇನು? ಸಹಾಯವು ಚೆನ್ನಾಗಿ ಫಲಿಸುವ ಮೊದಲ ವರ್ಷಗಳು ಕಳೆದುಹೋಗುತ್ತವೆ. ಅಷ್ಟರಲ್ಲಿ ಮಗು ‘ನಾನು ದಡ್ಡ’ ಎಂಬ ಒಂದು ಪಾಠವನ್ನು ಮಾತ್ರ ಚೆನ್ನಾಗಿ ಕಲಿತಿರುತ್ತದೆ. ಸರ್ಕಾರದ ಹಣಕ್ಕೆ ಪ್ರಮಾಣಪತ್ರ ಬೇಕಾಗಬಹುದು. ದಾನಿಯ ಹಣಕ್ಕೆ ಬೇಕಿಲ್ಲ. ದಾನವು ಸಲ್ಲಬೇಕಾದ ಸ್ಥಳ ಇದೇ ಎಂಬುದು ನಮ್ಮ ಅಭಿಪ್ರಾಯ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ಮಕ್ಕಳು ಮನೆಯಲ್ಲಿ ತಮ್ಮದೇ ನುಡಿಯನ್ನಾಡಿ ಬೆಳೆಯುತ್ತಾರೆ. ಪಠ್ಯಪುಸ್ತಕದ ಕನ್ನಡ ಅವರಿಗೆ ಹೊಸದು. ಆ ಮಗುವಿನ ತಡವರಿಕೆಗೆ ನ್ಯೂನತೆಯೆಂಬ ಹಣೆಪಟ್ಟಿ ಕಟ್ಟುವುದು ಅನ್ಯಾಯ. ಮಗುವಿನ ಬಳಿ ಕುಳಿತು, ಅಕ್ಷರವನ್ನೂ ಗುಣಿತವನ್ನೂ ನಿಧಾನವಾಗಿ, ಕಂಡು, ಕೇಳಿ, ಬೆರಳಿನಿಂದ ತಿದ್ದಿ ಕಲಿಸುವ ಉಪಾಧ್ಯಾಯರಿದ್ದರೆ ಇಬ್ಬರಿಗೂ ಹಿತ. ಯಾರಿಗೆ ಮುಂದಿನ ಪರೀಕ್ಷೆ ಬೇಕೆಂಬುದೂ ತಾನಾಗಿ ತಿಳಿದುಬರುತ್ತದೆ. ಅಂಥವರಿಗಾಗಿ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆದರೆ ಅಲ್ಲಿಗೆ ಬಂದುಹೋಗಬೇಕಾದರೆ ಹಾಡಿಯ ತಾಯಿಗೆ ಬಸ್ಸಿನ ಖರ್ಚು ಬೇಕು. ಆ ದಿನದ ಕೂಲಿಯೂ ಹೋಗುತ್ತದೆ.

ಹಣವಿಲ್ಲವೆನ್ನುವಂತಿಲ್ಲ. 2013ರ ಕಂಪೆನಿಗಳ ಅಧಿನಿಯಮದ 135ನೆಯ ಕಲಮು, ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಲೋಕಹಿತಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದೆ. ವಿಶೇಷ ಶಿಕ್ಷಣವೂ ಆ ಬಾಬುಗಳಲ್ಲೊಂದು. ಆದರೆ ದಾನಿಗೆ ಕಣ್ಣಿಗೆ ಕಾಣುವುದರ ಮೇಲೆ ಮೋಹ: ಒಂದು ದಿನದ ಶಿಬಿರ, ಒಂದು ಕೊಠಡಿ, ಅದರ ಮೇಲೊಂದು ಹೆಸರಿನ ಕಲ್ಲು. ಅಂಥ ಸಮಾರಂಭಗಳಲ್ಲಿ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಬಂದವರಲ್ಲಿ ನಾವೂ ಸೇರಿದ್ದೇವೆ. ಮರುದಿನ ಆ ಮಕ್ಕಳನ್ನು ಯಾರು ಓದಿಸಿದರೆಂದು ವಿಚಾರಿಸಲಿಲ್ಲ.

ಆದುದರಿಂದ ದಾನಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಕೊಠಡಿಗೆ ಬದಲಾಗಿ, ನೆರೆಯ ಕೆಲವು ಶಾಲೆಗಳನ್ನು ಸುತ್ತಿಬರುವ ತರಬೇತಾದ ಒಬ್ಬ ಉಪಾಧ್ಯಾಯರಿಗೆ ಐದು ವರ್ಷಗಳ ಸಂಬಳವನ್ನು ಕೊಡಿ. ತಾಯಿಯ ಬಸ್ಸಿನ ಖರ್ಚನ್ನೂ ಕೂಲಿಯನ್ನೂ ಅದರೊಡನೆ ಸೇರಿಸಿ. ಇದರಲ್ಲಿ ಹೆಸರು ಕೆತ್ತಲು ಕಲ್ಲಿರುವುದಿಲ್ಲ, ನಿಜ. ಆದರೆ ಕಟ್ಟುಗೊಡಗೆಯಿಲ್ಲದ ಕೆರೆಯಲ್ಲಿ ಕಾಲಕ್ರಮದಲ್ಲಿ ಉಳಿಯುವುದು ಹೂಳೇ ಹೊರತು ನೀರಲ್ಲ.