ಆ ಹಾಡು ಯಾರದು?



ನಿಮಗೆ ಸಿನಿಮಾ ಹಾಡು ಎಷ್ಟು ಗೊತ್ತು? ಒಂದೆ? ಎರಡೆ? ಎಣಿಸಲು ಕೂತರೆ ಹೊತ್ತು ಮುಳುಗೀತು. ನಾಟಿ ಮಾಡುವಾಗ, ಪಾತ್ರೆ ತೊಳೆಯುವಾಗ, ತೊಟ್ಟಿಲು ತೂಗುವಾಗ ಹಾಡು ತಾನಾಗಿ ಬಾಯಿಗೆ ಬರುತ್ತದೆ. ಯಾರೂ ಕಲಿಸಲಿಲ್ಲ. ಕೇಳಿ ಕೇಳಿ ಕಲಿತಿರಿ.

ಈಗ ಒಂದು ಮಾತು ಕೇಳುತ್ತೇನೆ. ಆ ಹಾಡು ಯಾರದು?

"ಇನ್ಯಾರದು? ಪರದೆ ಮೇಲೆ ಹಾಡ್ತಾಳಲ್ಲ, ಅವಳದು" ಅನ್ನುತ್ತೀರಿ. ಅಲ್ಲ. ಅವಳು ತುಟಿ ಆಡಿಸುತ್ತಾಳೆ, ಅಷ್ಟೆ. 1934ರಲ್ಲಿ ಕನ್ನಡದ ಮೊದಲ ಮಾತಿನ ಸಿನಿಮಾ 'ಸತಿ ಸುಲೋಚನ' ಬಂತು. ಆ ಕಾಲದಲ್ಲಿ ನಟಿಸುವವರೇ ಹಾಡಬೇಕಿತ್ತು. ಆಮೇಲೆ ಹಿನ್ನೆಲೆ ಗಾಯನ ಬಂತು. ನಟಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು ಆದರು.

ಒಂದು ಹಾಡನ್ನೇ ನೋಡೋಣ. 1967ರಲ್ಲಿ 'ಬೆಳ್ಳಿಮೋಡ' ಸಿನಿಮಾ ಬಂತು. ಪುಟ್ಟಣ್ಣ ಕಣಗಾಲ್ ನಿರ್ದೇಶಕರು. ಕಥೆ ತ್ರಿವೇಣಿ ಎಂಬ ಲೇಖಕಿಯದು. ನಾಯಕಿ ಕಲ್ಪನಾ. ಅದರಲ್ಲಿ ಬೆಳಗಿನ ಹೊತ್ತಿನ ಹಾಡು ಒಂದಿದೆ. ದನಿ ಎಸ್. ಜಾನಕಿಯವರದು. ಅವರ ಮನೆಮಾತು ತೆಲುಗು. ಆದರೂ ಕನ್ನಡ ಎಷ್ಟು ಚೊಕ್ಕ! ರಾಗ ಹಾಕಿದವರು ವಿಜಯಭಾಸ್ಕರ್.

ಪದ ಯಾರದು? ಧಾರವಾಡದ ದ.ರಾ. ಬೇಂದ್ರೆಯವರದು. ಅದು 'ಬೆಳಗು' ಎಂಬ ಕವನ. 1932ರಲ್ಲಿ 'ಗರಿ' ಎಂಬ ಪುಸ್ತಕದಲ್ಲಿ ಅಚ್ಚಾಗಿತ್ತು. 35 ವರ್ಷದ ಮೇಲೆ ಸಿನಿಮಾ ಅದನ್ನು ಓದು ಬಾರದವರ ಕಿವಿಗೂ ಮುಟ್ಟಿಸಿತು.

ನಮ್ಮ ಕೇಂದ್ರದಲ್ಲಿ ಒಬ್ಬ ತಾಯಿ ಈ ಹಾಡನ್ನು ಬಹಳ ವರ್ಷದಿಂದ ಹಾಡುತ್ತಿದ್ದರು. 'ಎರಕ' ಎಂಬಲ್ಲಿ 'ಮರಕ' ಎನ್ನುತ್ತಿದ್ದರು. "ಮರಕ್ಕೆ ನೀರು ಹೊಯ್ಯೋದು ಅಂದ್ಕೊಂಡಿದ್ದೆ" ಎಂದರು. ಅಕ್ಷರ ಕಲಿತ ಮೇಲೆ ಒಂದು ದಿನ ಪುಸ್ತಕದಲ್ಲಿ ಬೆರಳಿಟ್ಟು ಓದಿದರು. ಎ-ರ-ಕ. ಅಕ್ಕಸಾಲಿ ಚಿನ್ನ ಕರಗಿಸಿ ಅಚ್ಚಿಗೆ ಹೊಯ್ಯುತ್ತಾನಲ್ಲ, ಅದೇ ಎರಕ. ಅವರು ಸುಮ್ಮನೆ ಕೂತರು. ಆಮೇಲೆ, "ಅಯ್ಯೋ, ಬೆಳಕನ್ನೇ ಎರಕ ಹೊಯ್ದವ್ರಲ್ಲ!" ಎಂದರು. ಕೇಳಿದ ಹಾಡು ಅಂದು ಅವರಿಗೆ ತಿಳಿದ ಹಾಡಾಯಿತು.

ಇನ್ನೊಂದು ವಿಷಯ ಗಮನಿಸಿ. ಸಿನಿಮಾದಲ್ಲಿ ಹೆಣ್ಣಿನ ಅಳು, ನಗು, ತವರಿನ ನೆನಪು ಎಲ್ಲ ಹಾಡಾಗಿವೆ. ಹಾಡಿದ ದನಿ ಹೆಣ್ಣಿನದು. ಬರೆದ ಕೈ ಹೆಚ್ಚಾಗಿ ಗಂಡಸಿನದು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ಹಂಸಲೇಖ, ಇವರೆಲ್ಲ ಚೆನ್ನಾಗಿಯೇ ಬರೆದರು. ಆದರೆ ನಮ್ಮ ಮಾತು ನಾವೇ ಹೇಳಬೇಡವೆ?

ನಮ್ಮ ಅಜ್ಜಿಯರು ಹೇಳಿದ್ದರು. ಬೀಸುವ ಕಲ್ಲಿನ ಮುಂದೆ ಕೂತು ಸಾವಿರಾರು ತ್ರಿಪದಿ ಕಟ್ಟಿದ್ದರು. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಊರೂರು ಸುತ್ತಿ ಅಂಥ ಪದ ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಪುಸ್ತಕ ಬಂತು. ಪದ ಉಳಿಯಿತು. ಆದರೆ ಅವನ್ನು ಮೊದಲು ಕಟ್ಟಿದ ತಾಯಂದಿರ ಹೆಸರು ಉಳಿಯಲಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ.

ನನ್ನ ತಾಯಿಗೂ ಅಂಥ ಹಾಡು ಬಹಳ ಬರುತ್ತಿದ್ದವು. ನನಗೆ ಅಕ್ಷರ ಗೊತ್ತಿತ್ತು. ಆದರೂ ನಾನು ಬರೆದುಕೊಳ್ಳಲಿಲ್ಲ. 'ಇದೇನು ಮಹಾ' ಅಂದುಕೊಂಡೆ. ಅವರು ಹೋದರು, ಹಾಡೂ ಹೋಯಿತು. ಈಗ ಎರಡೇ ಸಾಲು ನೆನಪಿವೆ. ಸಿನಿಮಾ ಹಾಡು ಮರೆತರೆ ಮೊಬೈಲಿನಲ್ಲಿ ಹುಡುಕಬಹುದು. ಅಮ್ಮನ ಹಾಡು ಎಲ್ಲಿ ಹುಡುಕಲಿ?

ಅದಕ್ಕೇ ಹೇಳುತ್ತೇನೆ. ಸಿನಿಮಾ ಹಾಡು ಖಂಡಿತ ಹಾಡಿ. ಬರೆದವರು ಯಾರು ಎಂದು ಕೇಳಿ, ಹೆಸರು ಓದಿ. ಜೊತೆಗೆ ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಅವ್ವ ಹಾಡುತ್ತಿದ್ದ ಒಂದು ಪದ ಬರೆಯಿರಿ. ಒತ್ತಕ್ಷರ ತಪ್ಪಿದರೆ ತಪ್ಪಲಿ. ಕೆಳಗೆ ಅವ್ವನ ಹೆಸರು ಬರೆಯಿರಿ. ಅದರ ಕೆಳಗೆ ನಿಮ್ಮ ಹೆಸರು ಬರೆಯಿರಿ.

ನಾಳೆ ನಿಮ್ಮ ಮೊಮ್ಮಗಳು "ಆ ಹಾಡು ಯಾರದು?" ಎಂದು ಕೇಳಿಯಾಳು. ಹಾಳೆ ತೆಗೆದು ಅವಳ ಕೈಗೆ ಕೊಡಿ. ಅವಳೇ ಓದಿಕೊಳ್ಳಲಿ.